ಮೊಲದ ಬಸ್ಸು

ಆ ಮೊಲವನ್ನು ನೆನೆದರೆ ನನಗೆ ಈಗಲೂ ಹೇಸಿಗೆಯಾಗುತ್ತದೆ. ನೀಲಿ ಮೈ, ಊದಿದ ಕೆನ್ನೆ, ಹೊರಗೆ ಬಂದ ಎರಡು ಹಲ್ಲು. ಕಳೆದ ವರ್ಷ ದೀಪಾವಳಿ ರಜೆ ಮುಗಿಸಿ ಬಂದು ಶಾಲೆಯ ಕಂಪ್ಯೂಟರ್ ತೆರೆದಾಗ ಅದು ಪರದೆಯ ಮೂಲೆಯಿಂದ ಇಣುಕಿ, ಕಣ್ಣು ಹೊಡೆದು, "ಮರಳಿ ಸ್ವಾಗತ, ಪುಟ್ಟ ಸೃಷ್ಟಿಕರ್ತನೇ! ನಿನಗಾಗಿ ಎಲ್ಲವೂ ಹೊಸದಾಗಿದೆ!" ಎಂದಿತು. ನನಗೆ ಆಗ ಐವತ್ತಮೂರು ವರ್ಷ. ಬಂಟ್ವಾಳದಿಂದ ದಿನಾ ಬಸ್ಸು ಹಿಡಿದು ಬೆಳ್ತಂಗಡಿ ಹತ್ತಿರದ ಲಾಯಿಲದ ಕಡೆಯ ಒಂದು ಕನ್ನಡ ಶಾಲೆಗೆ ಬಂದು ಗಣಿತ ಕಲಿಸುವವಳು. ನನ್ನನ್ನು ಪುಟ್ಟ ಎಂದು ಕರೆಯುತ್ತಿದ್ದ ಅಜ್ಜಿ ತೀರಿಕೊಂಡು ಮೂವತ್ತು ವರ್ಷವಾಗಿದೆ. ಈ ಮೊಲ ಯಾರು ನನ್ನನ್ನು ಹಾಗೆ ಕರೆಯಲು?

ಮೊದಲಿನದನ್ನು ಹೇಳದಿದ್ದರೆ ನನ್ನ ಸಿಟ್ಟು ಅರ್ಥವಾಗುವುದಿಲ್ಲ. ಅದು ಮಕ್ಕಳಿಗೆ ಕೋಡಿಂಗ್ ಕಲಿಸುವ ಒಂದು ವೆಬ್‌ಸೈಟ್. ಟೈಪ್ ಮಾಡುವ ಕೆಲಸವಿಲ್ಲ. ಪರದೆಯ ಎಡಗಡೆ ಬಣ್ಣಬಣ್ಣದ ತುಂಡುಗಳಿರುತ್ತವೆ, ಒಂದೊಂದು ತುಂಡೂ ಒಂದು ಆಜ್ಞೆ. ನಡೆ, ತಿರುಗು, ನಿಲ್ಲು, ಮತ್ತೆ ಮಾಡು. ಅವುಗಳನ್ನು ಒಂದರ ಕೆಳಗೊಂದು ಜೋಡಿಸಿದರೆ ಬಲಗಡೆಯ ಚಿತ್ರ ಹಾಗೇ ಮಾಡುತ್ತದೆ. ನಮ್ಮ ಶಾಲೆಗೆ ಯಾರೋ ದಾನಿಗಳು ಕೊಟ್ಟ ಹತ್ತು ಕಂಪ್ಯೂಟರ್‌ಗಳಲ್ಲಿ ನಾಲ್ಕು ಜೀವಂತ ಇದ್ದವು. ಏಳನೆಯ ತರಗತಿಯಲ್ಲಿ ಮೂವತ್ತೆರಡು ಮಕ್ಕಳು. ಗಣಿತದ ಟೀಚರ್ ಅಂದಮೇಲೆ ಕಂಪ್ಯೂಟರೂ ನನ್ನ ತಲೆಗೇ.

ಹಾಗಾಗಿ ನಾನು ನೆಲದ ಮೇಲೆ ಕೋಡಿಂಗ್ ಶುರುಮಾಡಿದೆ. ನಮ್ಮ ಕಡೆ ಮದುವೆ ಕಾಗದಕ್ಕೆ, ಅಂದರೆ ಆಮಂತ್ರಣಕ್ಕೆ, ಎಂದೂ ಬರವಿಲ್ಲ. ಗಲ್ಫಿನವರು ರಜೆಗೆ ಬಂದ ತಿಂಗಳಲ್ಲಂತೂ ಮದುವೆ, ನಿಖಾ, ಗೃಹಪ್ರವೇಶ ಎಲ್ಲ ಒಟ್ಟಿಗೆ. ರಟ್ಟಿನ ಹಾಗೆ ದಪ್ಪದ ಆ ಕಾಗದಗಳನ್ನು ಮನೆಮನೆಯಿಂದ ತರಿಸಿ, ಪರದೆಯಲ್ಲಿದ್ದ ಆಕಾರಕ್ಕೆ ಸರಿಯಾಗಿ ಕತ್ತರಿಸಿ, ಅದೇ ಬಣ್ಣ ಬಳಿದೆ. ನಡೆಯುವುದಕ್ಕೆ ನೀಲಿ, ಮತ್ತೆ ಮಾಡುವುದಕ್ಕೆ ಕಿತ್ತಳೆ, ನಿಲ್ಲುವುದಕ್ಕೆ ಕೆಂಪು. ಅಕ್ಷರ ಒಂದೂ ಬರೆಯಲಿಲ್ಲ. ವೆಬ್‌ಸೈಟಿನಲ್ಲಿ ಕನ್ನಡವೇನೋ ಇತ್ತು, ಆದರೆ ಅದನ್ನು ಓದಿ ಅರ್ಥ ಮಾಡಿಕೊಳ್ಳಲು ನನಗೇ ಎರಡು ಸಲ ಬೇಕಾಗುತ್ತಿತ್ತು. ಬಣ್ಣ ಮಾತ್ರ ಯಾರಿಗೂ ಮೋಸ ಮಾಡಲಿಲ್ಲ. ಮಕ್ಕಳು ಚಾಪೆಯ ಮೇಲೆ ತುಂಡು ಜೋಡಿಸಿ, ನನಗೆ ತೋರಿಸಿ, ಆಮೇಲೆ ಹತ್ತು ನಿಮಿಷ ಕಂಪ್ಯೂಟರಿಗೆ. "ಕಿತ್ತಳೆಯ ಹೊಟ್ಟೆಯೊಳಗೆ ನೀಲಿ ಹಾಕು ಮಾರಾಯ್ತಿ, ಕೆಂಪು ಕಡೆಗೆ" ಎಂದು ಅವರು ಜಗಳಾಡುವುದನ್ನು ಕೇಳುತ್ತಾ ಕುಳಿತರೆ ನನಗೆ ಬೇರೆ ಯಾವ ಸುಖವೂ ಬೇಡವಾಗಿತ್ತು.

ಆ ಮೂವತ್ತೆರಡರಲ್ಲಿ ಒಬ್ಬಳು ಹುಡುಗಿಗೆ ಓದಲು ಬರುತ್ತಿರಲಿಲ್ಲ. ಪೂರ್ತಿ ಬರುತ್ತಿರಲಿಲ್ಲ ಎಂದಲ್ಲ. ಅವಳು ಒಂದು ಶಬ್ದ ಕೂಡಿಸುವಷ್ಟರಲ್ಲಿ ಉಳಿದವರು ಪುಟ ತಿರುಗಿಸಿರುತ್ತಿದ್ದರು. ಸಮಾಜದ ಪಾಠ ಓದಲು ಎಬ್ಬಿಸಿದರೆ ತರಗತಿಯೇ ಕಿಸಕಿಸ ನಗುತ್ತಿತ್ತು. ಸ್ಟಾಫ್ ರೂಮಿನಲ್ಲಿ "ಅದರ ತಲೆಗೆ ಹೋಗುವುದಿಲ್ಲ ಬಿಡಿ" ಎಂದು ತೀರ್ಪಾಗಿತ್ತು. ನಾನೂ ಹೌದೆಂದೇ ನಂಬಿದ್ದೆ, ಅವಳು ಚಾಪೆಯ ಮೇಲೆ ಕುಳಿತು ಬಣ್ಣದ ತುಂಡು ಕೈಗೆತ್ತಿಕೊಳ್ಳುವವರೆಗೆ. ಉಳಿದವರು ಇಪ್ಪತ್ತು ತುಂಡು ಸುರಿದು ಮಾಡುವುದನ್ನು ಅವಳು ಏಳರಲ್ಲಿ ಮಾಡುತ್ತಿದ್ದಳು. ಮಾಡಿ ಮುಗಿಸಿ ಸುಮ್ಮನೆ ಕುಳಿತಿರುತ್ತಿದ್ದಳು. ಸ್ವಲ್ಪ ದಿನದಲ್ಲಿ ಮೊದಲ ಬೆಂಚಿನವರು ಅವಳ ಪಕ್ಕ ಜಾಗಕ್ಕೆ ನೂಕಾಡತೊಡಗಿದರು. ಶಾಲೆಯಲ್ಲಿ ಅವಳು ತಲೆ ಎತ್ತಿ ಕೂರುತ್ತಿದ್ದ ಜಾಗ ಅದೊಂದೇ.

ಅವಳ ಅಪ್ಪ ಬೆಳ್ತಂಗಡಿ–ಮೂಡುಬಿದಿರೆ ಲೈನಿನ ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್. ಅವಳು ಮಾಡಿದ್ದೂ ಒಂದು ಬಸ್ಸನ್ನೇ. ಬೆಳ್ತಂಗಡಿಯಲ್ಲಿ ಹೊರಡುತ್ತದೆ, ಗುರುವಾಯನಕೆರೆಯಲ್ಲಿ ನಿಲ್ಲುತ್ತದೆ, ವೇಣೂರಿನಲ್ಲಿ ನಿಲ್ಲುತ್ತದೆ, ಮೂಡುಬಿದಿರೆ ಸೇರುತ್ತದೆ. ಒಂದು ವಿಶಿಲ್ ಊದಿದರೆ ನಿಲ್ಲಬೇಕು, ಎರಡು ಊದಿ "ರೈಟ್ ಪೋಯಿ!" ಎಂದರೆ ಹೊರಡಬೇಕು. ಆ ವಿಶಿಲ್ಲೂ ಆ ಕೂಗೂ ಅವಳ ಅಪ್ಪನವೇ, ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ತಂದು ಸೇರಿಸಿದ್ದಳು. ವೇಣೂರು ಬಿಟ್ಟ ಮೇಲೆ ದೂರದಿಂದ ಒಬ್ಬಳು ಅಜ್ಜಿ ಕೈ ಬೀಸಿಕೊಂಡು ಓಡಿ ಬರುತ್ತಾಳೆ, ಬಸ್ಸು ಅವಳಿಗಾಗಿ ಸ್ವಲ್ಪ ರಿವರ್ಸ್ ಬರುತ್ತದೆ. ಅದನ್ನು ನೋಡಿ ತರಗತಿ ಮತ್ತೆ ನಕ್ಕಿತು, ಆದರೆ ಆ ನಗು ಬೇರೆ. ಮೂಡುಬಿದಿರೆಯಲ್ಲಿ ನಡೆಯುವ ಮಕ್ಕಳ ವಸ್ತುಪ್ರದರ್ಶನಕ್ಕೆ ಇದೇ ಹೋಗಲಿ ಎಂದು ನಾನು ಅಲ್ಲೇ ಹೇಳಿಬಿಟ್ಟೆ.

ಅಷ್ಟರಲ್ಲಿ ಮೊಲ ಬಂತು.

ಬಣ್ಣಗಳೆಲ್ಲ ಹೋಗಿದ್ದವು. ಹತ್ತು ಸಲ ಒಗೆದ ನೈಟಿಯ ಹಾಗೆ ಎಲ್ಲವೂ ಮಾಸಲು. ಮತ್ತೆ ಮಾಡುವುದೂ ನಿಲ್ಲುವುದೂ ಒಂದೇ ಬಗೆಯ ಮಾಸಲು ಗುಲಾಬಿ, ವ್ಯತ್ಯಾಸ ಗೊತ್ತಾಗಬೇಕಾದರೆ ಮೇಲೆ ಬರೆದದ್ದನ್ನು ಓದಬೇಕು. ಮಕ್ಕಳ ಸುರಕ್ಷತೆಗಾಗಿ ಎಂದು ಹೇಳಿ ವೆಬ್‌ಸೈಟಿನವರು, ಮಕ್ಕಳೇ ರೆಕಾರ್ಡ್ ಮಾಡಿ ಸೇರಿಸಿದ್ದ ಸದ್ದನ್ನೆಲ್ಲ ಅಳಿಸಿಹಾಕಿದ್ದರು. ಬದಲಿಗೆ ಟಿಂಗ್, ಟಾಂಗ್, ನಾಯಿ ಬೊಗಳುವುದು, ಚಪ್ಪಾಳೆ. ದಿನಾ ವೆಬ್‌ಸೈಟ್ ತೆರೆದದ್ದಕ್ಕೇ ಒಂದು ನಕ್ಷತ್ರ. ಎರಡು ದಿನ ಬರದಿದ್ದರೆ ಮೊಲ ಅಳುತ್ತದೆ. ಮಕ್ಕಳನ್ನು ಹೀಗೆ ಪುಸಲಾಯಿಸುವುದೇ? ಎಲ್ಲಕ್ಕಿಂತ ಅಸಹ್ಯ, ಮೊಲದ ಹೊಟ್ಟೆಯ ಮೇಲಿನ ಗುಂಡಿ. "ನಾನು ಮಾಡಿಕೊಡಲೇ?" ಎಂದು ಕೇಳುತ್ತದೆ. ಒತ್ತಿದರೆ ಮಗು ಮಾಡಬೇಕಾದದ್ದನ್ನೆಲ್ಲ ಅದೇ ಮಾಡಿಬಿಡುತ್ತದೆ, ಮಾಡಿ "ನೀನು ಅದ್ಭುತ!" ಎನ್ನುತ್ತದೆ.

ಶಿಕ್ಷಕರಿಗೆ ಹೊಸದನ್ನು ಪರಿಚಯಿಸಲು ಒಂದು ಆನ್‌ಲೈನ್ ಮೀಟಿಂಗ್ ಇಟ್ಟರು. ನಗುಮುಖದ ಒಬ್ಬ ಯುವಕ ಒಂದು ಗಂಟೆ ಮೊಲದ ಗುಣಗಾನ ಮಾಡಿದ. ಕೊನೆಯಲ್ಲಿ ನಾನು ಮೈಕ್ ತೆರೆದು, ನಮ್ಮ ಮಕ್ಕಳು ಬಣ್ಣ ನೋಡಿ ಕಲಿತವರು, ಹಳೆಯ ಬಣ್ಣ ಒಂದು ಕಡೆ ಇಟ್ಟುಕೊಳ್ಳಲು ದಾರಿ ಉಂಟಾ ಎಂದು ಕೇಳಿದೆ.

"ಮಕ್ಕಳು ಬೇಗ ಅಡ್ಜಸ್ಟ್ ಆಗ್ತಾರೆ ಮೇಡಂ. ಕಷ್ಟ ಆಗೋದು ನಮ್ಮಂಥ ದೊಡ್ಡವರಿಗೇ" ಎಂದು ಅವನು ನಕ್ಕ. ಪರದೆಯ ತುಂಬ ಯಾರ್ಯಾರೋ ಹಾಕಿದ ಕೆಂಪು ಹೃದಯಗಳು ತೇಲಿದವು. ಥೂ ಎನ್ನಿಸಿತು. ಮೈಕ್ ಮುಚ್ಚಿದೆನೋ ಇಲ್ಲವೋ ನೆನಪಿಲ್ಲ, ಎಂದದ್ದಂತೂ ಹೌದು.

ಎರಡು ಭಾನುವಾರ ಕೂತು ಮದುವೆ ಕಾಗದದ ತುಂಡುಗಳಿಗೆಲ್ಲ ಹೊಸ ಬಣ್ಣ ಬಳಿದೆ. ಮಾಸಲು ಗುಲಾಬಿ ಮಾಡಲು ಎಷ್ಟು ಬಿಳಿ ಬೆರೆಸಬೇಕು ಎಂದು ಪರದೆಯ ಪಕ್ಕ ಹಿಡಿದು ಹಿಡಿದು ನೋಡಿದೆ. ಏನೂ ಪ್ರಯೋಜನವಾಗಲಿಲ್ಲ. ಮಕ್ಕಳಲ್ಲಿ ಅರ್ಧ ಜನ ಮೂರನೆಯ ದಿನಕ್ಕೆ ಚಾಪೆಗೆ ಬರುವುದನ್ನೇ ಬಿಟ್ಟರು. ಗುಂಡಿ ಒತ್ತಿದರೆ ಆಗುವ ಕೆಲಸಕ್ಕೆ ನೆಲದಲ್ಲಿ ಯಾಕೆ ಕೂರಬೇಕು?

ಹುಡುಗಿ ಮೊದಲ ದಿನ ತನ್ನ ಬಸ್ಸನ್ನು ತೆರೆದು ಓಡಿಸಿದಳು. ಸದ್ದಿಲ್ಲದೆ ಹೊರಟ ಬಸ್ಸು ಗುರುವಾಯನಕೆರೆಯಲ್ಲಿ ನಡುಗುತ್ತಾ ನಿಂತಿತು, ಮತ್ತೆ ಮುಂದೆ ಹೋಗಲೇ ಇಲ್ಲ. ಅವಳು ಗುಲಾಬಿ ತುಂಡು ಒಂದನ್ನು ಎಳೆದು ಹಾಕಿದಳು, ಅದು ಬೇರೆ ಗುಲಾಬಿ. ಮೊಲ ನೆಗೆದು ಬಂದು "ಅಯ್ಯೋ! ಸಿಕ್ಕಿಹಾಕಿಕೊಂಡೆಯಾ?" ಎಂದು ಹಲ್ಲು ಕಿರಿಯಿತು. ಅವಳು ಮೌಸಿನಿಂದ ಕೈ ತೆಗೆದಳು.

"ಟೀಚರ್, ಇದು ಯಾಕೆ ನಗುವುದು?" ಎಂದು ಕೇಳಿದಳು.

ಆದರೆ ಅವಳು ಬಿಡಲಿಲ್ಲ. ಊಟದ ಬಿಡುವಿನಲ್ಲಿ ಬಂದು ಕೂರುತ್ತಿದ್ದಳು. ಬಣ್ಣ ಹೋದರೆ ಹೋಯಿತು ಎಂದು ಜಾಗವನ್ನು ಕಂಠಪಾಠ ಮಾಡಿದಳು. ಮೇಲಿನಿಂದ ನಾಲ್ಕನೆಯದು ನಿಲ್ಲುವುದು, ಅದಕ್ಕಿಂತ ಎರಡು ಕೆಳಗೆ ಮತ್ತೆ ಮಾಡುವುದು. ಮೂರು ವಾರದಲ್ಲಿ ಬಸ್ಸನ್ನು ಮತ್ತೆ ವೇಣೂರಿನ ಹತ್ತಿರಕ್ಕೆ ತಂದಳು. ವಿಶಿಲ್ಲಿಗೆ ಏನು ಮಾಡುವುದು ಎಂದು ನಾನು ತಲೆ ಕೆಡಿಸಿಕೊಂಡಿದ್ದರೆ, ಅವಳು ಅಪ್ಪನ ಹಳೆಯ ವಿಶಿಲನ್ನೇ ಕೊರಳಿಗೆ ಹಾಕಿಕೊಂಡು ಬಂದಳು. "ನಾನೇ ನಿಂತು ಊದ್ತೇನೆ ಟೀಚರ್. ಕಂಪ್ಯೂಟರಿನೊಳಗೇ ಇರಬೇಕು ಅಂತ ಏನುಂಟು?"

ಅಪ್ಪನಿಗೂ ಹೇಳಿದ್ದಳು. ಮೂಡುಬಿದಿರೆ ಸ್ಟ್ಯಾಂಡಿನಲ್ಲಿ ಅವರ ಬಸ್ಸಿಗೆ ಹನ್ನೆರಡು ನಿಮಿಷ ಪುರುಸೊತ್ತು. ಅಷ್ಟರಲ್ಲಿ ಓಡಿ ಬಂದು ನೋಡಿ ಹೋಗುತ್ತೇನೆ ಎಂದಿದ್ದರಂತೆ. ಮಗಳು ಶಾಲೆಯಲ್ಲಿ ಏನನ್ನೋ ಮಾಡಿದ್ದಾಳೆಂದು ಕೇಳಿದ್ದು ಅವರಿಗೂ ಅದೇ ಮೊದಲಿರಬೇಕು.

ಪ್ರದರ್ಶನದ ದಿನ ಹೆಡ್‌ಮಾಸ್ಟ್ರು ಬೆಳಿಗ್ಗೆಯೇ ನನ್ನನ್ನು ಬದಿಗೆ ಕರೆದರು. "ಏನಾದರೊಂದು ಬಹುಮಾನ ಬರಲಿ ಟೀಚರ್. ಮುಂದಿನ ವರ್ಷ ಮಕ್ಕಳು ಸೇರ್ಬೇಕಾದ್ರೆ ತೋರಿಸ್ಲಿಕ್ಕೆ ಒಂದು ಫೋಟೋ ಆದರೂ ಬೇಕಲ್ಲ." ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ಹತ್ತಿರದ ಇಂಗ್ಲಿಷ್ ಶಾಲೆಗಳ ಹಳದಿ ವ್ಯಾನುಗಳು ನಮ್ಮ ಗೇಟಿನ ಎದುರಿನಿಂದಲೇ ಮಕ್ಕಳನ್ನು ಹತ್ತಿಸಿಕೊಂಡು ಹೋಗುತ್ತವೆ.

ಸಭಾಂಗಣದಲ್ಲಿ ಶಾಲೆಯ ಒಂದೇ ಲ್ಯಾಪ್‌ಟಾಪ್ ತೆರೆದು ಹುಡುಗಿ ಕುಳಿತಿದ್ದಳು. "ವೇಣೂರಿನಲ್ಲಿ ನಿಲ್ಲುವುದಿಲ್ಲ ಟೀಚರ್, ಸೀದಾ ಹೋಗ್ತದೆ. ಎಲ್ಲಿಯೋ ಒಂದು ತಪ್ಪುಂಟು. ಅಪ್ಪನನ್ನು ಕರಕೊಂಡು ಬಂದು ನೋಡ್ತೇನೆ" ಎಂದು ಗೇಟಿಗೆ ಹೋದಳು. ಒಂದಿಷ್ಟೂ ಗಾಬರಿಯಿರಲಿಲ್ಲ. ಗಾಬರಿಯಾದದ್ದು ನನಗೆ. ತೀರ್ಪುಗಾರರು ಎರಡು ಮೇಜು ಆಚೆ ಇದ್ದರು. ಅವಳ ಕುರ್ಚಿಯಲ್ಲಿ ಕೂತು ಆ ಗುಲಾಬಿ ಸಾಲನ್ನು ನೋಡಿದೆ. ಅವಳಿಗೆ ಬಾಯಿಪಾಠವಾಗಿದ್ದದ್ದು ನನಗೆ ಆಗಿರಲಿಲ್ಲ, ಒಂದೊಂದನ್ನೂ ಓದಿ ತಪ್ಪು ಹುಡುಕಲು ಹೊತ್ತಿರಲಿಲ್ಲ. ಹೆಡ್‌ಮಾಸ್ಟ್ರು ದೂರದಿಂದ ಕೈಸನ್ನೆ ಮಾಡಿ ಎಲ್ಲ ಸರಿ ಉಂಟಾ ಎಂದು ಕೇಳಿದರು.

ನಾನು ಮೊಲದ ಹೊಟ್ಟೆಯನ್ನು ಒತ್ತಿದೆ.

ಮೂರು ವಾರದ ಕೆಲಸವನ್ನು ಅದು ಮೂರು ಉಸಿರಿನಲ್ಲಿ ಒರೆಸಿ ಹಾಕಿತು. ಹೊಳೆಯುವ ಹಳದಿ ಬಸ್ಸು, ಸಿನಿಮಾದಲ್ಲಿ ಕಾಣುವ ವಿದೇಶದ ಶಾಲಾ ಬಸ್ಸು, ರಸ್ತೆಯ ಬಲಗಡೆಯಲ್ಲಿ ಓಡಿತು. ನಿಲ್ದಾಣದಲ್ಲಿ ಟಿಂಗ್ ಎಂದು ನಿಂತಿತು. ಬೆನ್ನಿಗೆ ಚೀಲ ಹಾಕಿದ ಬಿಳಿ ಮಕ್ಕಳು ಹತ್ತಿದರು. ಅಜ್ಜಿ ಇರಲಿಲ್ಲ. "ನಿನ್ನ ಬಸ್ಸನ್ನು ಇನ್ನೂ ಚಂದ ಮಾಡಿದ್ದೇನೆ, ನೀನು ಅದ್ಭುತ!" ಎಂದಿತು ಮೊಲ. ಹಳೆಯದನ್ನು ವಾಪಸು ತರಲು ಎಲ್ಲೆಲ್ಲೋ ಒತ್ತಿದೆ, ದಾರಿ ಸಿಗಲಿಲ್ಲ. ಕನ್ನಡಕ ಸರಿಮಾಡಿಕೊಂಡು ಮೇಲೆ ನೋಡುವಾಗ ತೀರ್ಪುಗಾರರು ಎದುರಿಗೇ ಇದ್ದರು, ಅವರ ಹಿಂದೆ ಹುಡುಗಿ, ಅವಳ ಪಕ್ಕ ಖಾಕಿ ಅಂಗಿಯಲ್ಲಿ ಬೆವರು ಒರೆಸಿಕೊಳ್ಳುತ್ತಿದ್ದ ಅಪ್ಪ.

ಆ ದಿನ ನಮ್ಮ ಶಾಲೆಗೆ ಎರಡನೆಯ ಬಹುಮಾನ ಬಂತು. ಫೋಟೋ ಈಗ ಹೆಡ್‌ಮಾಸ್ಟ್ರ ಕೋಣೆಯಲ್ಲಿದೆ. ಅದನ್ನು ಮೊದಲೇ ಹೇಳಿ ಮುಗಿಸುತ್ತೇನೆ, ಉಳಿದದ್ದನ್ನು ಹೇಳುವುದು ಕಷ್ಟ.

"ತುಂಬಾ ಚೆನ್ನಾಗಿದೆ. ಯಾರು ಮಾಡಿದ್ದು?" ಎಂದು ಹಿರಿಯ ತೀರ್ಪುಗಾರರು ಕೇಳಿದರು.

ಹುಡುಗಿ ಪರದೆಯನ್ನು ನೋಡಿದಳು. "ಇದು ನನ್ನದಲ್ಲ ಸರ್. ನನ್ನ ಬಸ್ಸು ಬೇರೆ ಉಂಟು."

ಅವರು ನನ್ನ ಕಡೆ ತಿರುಗಿದರು.

"ಅವಳದ್ದೇ ಸರ್. ಇಷ್ಟು ಜನ ನೋಡಿ ಹೆದರಿದ್ದಾಳೆ" ಎಂದೆ. ಎಷ್ಟು ಸಲೀಸಾಗಿ ಬಂತು ಆ ಮಾತು! ಮೊಲಕ್ಕಿಂತ ಚೆನ್ನಾಗಿ ನಕ್ಕಿದ್ದೆ ಕೂಡ. ತೀರ್ಪುಗಾರರು ಅವಳ ತಲೆ ಸವರಿ, ಕಾಗದದಲ್ಲಿ ಏನೋ ಬರೆದುಕೊಂಡು ಮುಂದಿನ ಮೇಜಿಗೆ ಹೋದರು.

ಅಪ್ಪನ ಮುಖ ಕೆಂಪಾಗಿತ್ತು. ಮಗಳಿಗೆ ತುಳುವಿನಲ್ಲಿ ತಗ್ಗಿದ ದನಿಯಲ್ಲಿ ಏನೋ ಗದರಿದರು. ಆಮೇಲೆ ನನಗೂ ತಿಳಿಯಲಿ ಎಂಬಂತೆ ಕನ್ನಡದಲ್ಲಿ, "ಟೀಚರ್ ಹೌದು ಅಂತ ಹೇಳುವಾಗ ನೀನು ಅಲ್ಲ ಅಂತ ಹೇಳುವುದಾ? ದೊಡ್ಡವರ ಎದುರು?" ಎಂದರು.

"ನಾನು ಸುಳ್ಳು ಹೇಳ್ಲಿಲ್ಲ ಅಪ್ಪಾ."

"ಹಾಗಾದ್ರೆ ಟೀಚರ್ ಸುಳ್ಳು ಹೇಳಿದ್ದಾ?"

ಅವರು ನನ್ನತ್ತ ನೋಡಿದರು. ಅನುಮಾನದಿಂದಲ್ಲ, ಮಗಳ ಪರವಾಗಿ ಕ್ಷಮೆ ಕೇಳುವವರ ಹಾಗೆ. ಅವಳೂ ನನ್ನತ್ತ ನೋಡಿದಳು. ನಾನು ಹೇಳಬಹುದಿತ್ತು. ಹೌದು, ನಾನೇ ಸುಳ್ಳು ಹೇಳಿದ್ದು, ನಿಮ್ಮ ಮಗಳ ಬಸ್ಸು ಇದಕ್ಕಿಂತ ಹತ್ತು ಪಾಲು ಚೆನ್ನಾಗಿತ್ತು, ಅದರಲ್ಲಿ ನೀವೂ ಇದ್ದಿರಿ ಎಂದು. ತೀರ್ಪುಗಾರರು ಇನ್ನೂ ಪಕ್ಕದ ಮೇಜಿನಲ್ಲೇ ಇದ್ದರು. ನಾನು ಲ್ಯಾಪ್‌ಟಾಪಿನ ವಯರ್ ಸರಿಮಾಡುವವಳಂತೆ ಬಗ್ಗಿದೆ.

"ಟೀಚರ್ ಹತ್ರ ಸಾರಿ ಕೇಳು" ಎಂದರು ಅಪ್ಪ. "ಬೇಗ, ನನಗೆ ಬಸ್ಸಿಗೆ ಹೊತ್ತಾಯಿತು."

ಅವಳು ನನ್ನ ಎದುರು ಬಂದು ನಿಂತಳು.

"ಸಾರಿ ಟೀಚರ್" ಎಂದಳು.

"ಪರವಾಗಿಲ್ಲ ಮಗಾ" ಎಂದೆ ನಾನು.