ಕದ ಮುಚ್ಚಿ ಬೆಳೆದ ಅಣಬೆ

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದ ಮೇಲೆ ನನಗೊಂದು ರೋಗ ಹತ್ತಿಕೊಂಡಿತು. ಏನಾದರೂ ಸಾಕಬೇಕು, ಏನಾದರೂ ಬೆಳೆಯಬೇಕು. ಮೊದಲು ಜೇನು ಸಾಕಿದೆ. ಹುಳ ಹಾರಿಹೋದವು, ಪೆಟ್ಟಿಗೆ ಉಳಿಯಿತು. ಈಗ ಅದರಲ್ಲಿ ನನ್ನ ಹೆಂಡತಿ ಉಳ್ಳಾಗಡ್ಡಿ ಇಡುತ್ತಾಳೆ. ಆಮೇಲೆ ಮೊಲ. ಆ ಸುದ್ದಿ ಬೇಡ. ಮೂರನೆಯದು ಅಣಬೆ.

ಸವದತ್ತಿಯ ನಮ್ಮ ಮನೆಯ ಹಿಂದೆ ಹತ್ತಡಿ ಉದ್ದಗಲದ ಒಂದು ಕೋಣೆಯಿದೆ. ಹೆಂಡತಿ ಹಳೆಯ ಸಾಮಾನು ತೆಗೆದು ಅದನ್ನು ನನಗೆ ಬಿಟ್ಟುಕೊಟ್ಟಳು. ಕರಾರು ಒಂದೇ: ನಾನು ಒಳಗಿರುವಾಗ ಕದ ಮುಚ್ಚಬಾರದು. ಕಾರಣ ಕೇಳಬೇಕಾಗಿರಲಿಲ್ಲ. ಅವಳ ತವರು ಕಟಕೋಳದ ಕಡೆ. ಅವಳು ಏಳು ವರ್ಷದವಳಿದ್ದಾಗ ಅವಳ ಅಪ್ಪ ಜೋಳ ತೆಗೆಯಲು ಹಗೇವಿಗೆ ಇಳಿದು ಸತ್ತಿದ್ದರು. ಹಗೇವು ಎಂದರೆ ನೆಲದೊಳಗೆ ತೋಡಿದ ಕಾಳಿನ ಕಣಜ. ಅದರ ಬಾಯಿ ತೆಗೆದು ಒಂದು ದಿನ ಗಾಳಿಯಾಡಲು ಬಿಡಬೇಕು, ಕಂದೀಲು ಇಳಿಸಿ ನೋಡಬೇಕು, ದೀಪ ಆರದಿದ್ದರೆ ಮಾತ್ರ ಮನುಷ್ಯ ಇಳಿಯಬೇಕು. ಅವತ್ತು ಮನೆಗೆ ಬೀಗರು ಬಂದಿದ್ದರು, ಜೋಳ ಬೇಗ ಬೇಕಾಗಿತ್ತು.

ನಾನು ಹೂಂ ಅಂದೆ. ಹೆಂಡತಿಗೆ ಹೂಂ ಅನ್ನುವುದರಲ್ಲಿ ಈ ತಾಲೂಕಿನಲ್ಲಿ ನನಗೆ ಸರಿಸಾಟಿ ಇಲ್ಲ. ನಾಚಿಕೆಗೇಡಿನ ಇನ್ನೊಂದು ಮಾತನ್ನೂ ಹೇಳಿಬಿಡುತ್ತೇನೆ. ಇಂಗಾಲದ ಡೈಆಕ್ಸೈಡ್ ಗಾಳಿಗಿಂತ ಭಾರ, ತಗ್ಗಿನಲ್ಲಿ ಕೂಡುತ್ತದೆ ಎಂದು ಕಲಿಸುವಾಗ ಪ್ರತಿ ವರ್ಷ ಮಾವನ ಇದೇ ಕಥೆಯನ್ನು ‘ಒಬ್ಬ ಮನುಷ್ಯ’ನದು ಎಂದು ಹೇಳುತ್ತಿದ್ದೆ. ಹುಡುಗರು ಉಸಿರು ಬಿಗಿಹಿಡಿದು ಕೇಳುತ್ತಿದ್ದರು. ಎಂಥ ಪಾಠ ಮಾಡಿದೆ ಎಂದು ಬೀಗುತ್ತ ಸ್ಟಾಫ್ ರೂಮಿಗೆ ಹೋಗಿ ಚಹಾ ಕುಡಿಯುತ್ತಿದ್ದೆ.

ಗೋಧಿ ಹೊಟ್ಟನ್ನು ಕುದಿಯುವ ನೀರಿನಲ್ಲಿ ನೆನೆಸಿ, ಆರಿಸಿ, ಅಣಬೆ ಬೀಜ ಸೇರಿಸಿ ಪ್ಲಾಸ್ಟಿಕ್ ಚೀಲಗಳಲ್ಲಿ ತುಂಬಿ ತೂಗುಹಾಕಿದೆ. ಅಷ್ಟರಲ್ಲಿ ಬೇಸಿಗೆ ಬಂತು. ತಗಡಿನ ಚಾವಣಿ, ಒಳಗೆ ಬೆಂಕಿ. ಗೋಡೆಗೆಲ್ಲ ಹಸಿ ಗೋಣಿತಟ್ಟು ಕಟ್ಟಿದೆ, ಕಿಟಕಿಗೆ ಥರ್ಮಕೋಲ್ ಹೊಡೆದೆ, ಕದದ ಕೆಳಗಿನ ಸಂದಿಗೆ ನನ್ನ ಹಳೆಯ ಧೋತರ ತುರುಕಿದೆ. ಮೂರು ಥರ್ಮಾಮೀಟರ್ ತೂಗುಹಾಕಿದೆ. ಮೂರೂ ಮೂರು ತರಹ ತೋರಿಸಿದವು. ವಿಜ್ಞಾನದವನಲ್ಲವೆ, ಸರಾಸರಿ ತೆಗೆದೆ. ಕೊನೆಗೂ ಶಾಖ ಇಳಿಯಿತು. ಪಕ್ಕದ ಮನೆಯವರನ್ನು ಕರೆದು ತೋರಿಸಿದೆ, ಅಣಬೆಯನ್ನಲ್ಲ, ಥರ್ಮಾಮೀಟರನ್ನು.

ತೊಂದರೆಯೆಂದರೆ ಕದ ತೆರೆದರೆ ಸಾಕು, ಅಂಗಳದ ಬಿಸಿಗಾಳಿ ನುಗ್ಗಿ ನನ್ನ ಸಾಧನೆಯೆಲ್ಲ ಮಣ್ಣುಪಾಲು. ಹೀಗಾಗಿ ನೀರು ಸಿಂಪಡಿಸುವಷ್ಟು ಹೊತ್ತು ಮಾತ್ರ ಎಂದು ಮುಚ್ಚಿದೆ. ಆಮೇಲೆ ಲೆಕ್ಕ ಬರೆಯುವಷ್ಟು ಹೊತ್ತು. ಆಮೇಲೆ ಸ್ಟೂಲ್ ಹಾಕಿಕೊಂಡು ಪೇಪರ್ ಓದುವಷ್ಟು ಹೊತ್ತು. ಇಡೀ ಮನೆಯಲ್ಲಿ ಅಷ್ಟು ತಂಪು ಜಾಗ ಬೇರೆ ಇರಲಿಲ್ಲ. ಹೆಂಡತಿ ಹೊರಗೆ ಹೋದದ್ದನ್ನು ನೋಡಿಕೊಂಡು, ಅರವತ್ತೆರಡರ ನಾನು ಬೀಡಿ ಕದ್ದು ಸೇದುವ ಹುಡುಗನಂತೆ ಒಳಗೆ ಸೇರುತ್ತಿದ್ದೆ.

ಅಣಬೆ ಬಂದವು. ದಂಟು ಬೆರಳುದ್ದ, ತಲೆ ಅಂಗಿಯ ಗುಂಡಿಯಷ್ಟು. ಇದು ವಿಶೇಷ ತಳಿ ಎಂದು ಮನೆಯಲ್ಲಿ ಸಾರಿದೆ. ಬೀಜ ಕೊಟ್ಟ ಧಾರವಾಡದವನಿಗೆ ಫೋಟೋ ಕಳಿಸಿದರೆ ಅವನು ಫೋನ್ ಮಾಡಿ, ಅಣಬೆಯೂ ನಮ್ಮ ಹಾಗೇ ಉಸಿರಾಡುತ್ತದೆ, ಬಿಟ್ಟ ಉಸಿರು ಹೊರಹೋಗದಿದ್ದರೆ ಗಾಳಿ ಹುಡುಕುತ್ತ ದಂಟು ಬೆಳೆಸುತ್ತದೆ ಎಂದ. ನಾನು ವಿಜ್ಞಾನದ ಮಾಸ್ತರ ಎಂದು ಗತ್ತಿನಿಂದ ಹೇಳಿದೆ.

“ಹಂಗಾದ್ರ ನಿಮಗ ಗೊತ್ತಿರಬೇಕಲ್ರಿ, ಸರ,” ಎಂದ ಅವನು, ಬಹಳ ಮರ್ಯಾದೆಯಿಂದ.

ಪುಸ್ತಕದ ಬದನೆಕಾಯಿ ಎಂದರೆ ನಾನೇ. ನೆಲದ ಹತ್ತಿರ ಗೋಡೆಗೆ ತೂತು ಹೊಡೆಯಿರಿ, ಬೆಳಿಗ್ಗೆ ಸಂಜೆ ತಂಪು ಹೊತ್ತಿನಲ್ಲಿ ಕದ ತೆರೆದಿಡಿ ಎಂದ. ಅವನಿಗೂ ಹೂಂ ಅಂದೆ. ಈ ವಾರದ ಬಿಸಿಲು ಇಳಿಯಲಿ, ಆಮೇಲೆ ನೋಡಿದರಾಯಿತು ಎಂದುಕೊಂಡೆ.

ಮರುದಿನ ಮಧ್ಯಾಹ್ನ ಜುಣಕ ರೊಟ್ಟಿ ಹೊಟ್ಟೆತುಂಬ ತಿಂದು, ಕದ ಮುಚ್ಚಿಕೊಂಡು ಸ್ಟೂಲಿನ ಮೇಲೆ ಕೂತೆ. ತಲೆ ಭಾರವಾಗಿತ್ತು. ಗೋಡೆಗೆ ಒರಗಿದೆ. ಎಚ್ಚರವಾದಾಗ ಹೆಂಡತಿ ನನ್ನ ಅಂಗಿಯ ಕೊರಳು ಹಿಡಿದು ಅಂಗಳಕ್ಕೆ ಎಳೆಯುತ್ತಿದ್ದಳು. ಮೊಣಕಾಲು ನೋವೆಂದು ಮೆಟ್ಟಿಲು ಹತ್ತದವಳಿಗೆ ಎಲ್ಲಿಂದ ಬಂತೋ ಆ ಕಸುವು. ಬಿಸಿಲಿನಲ್ಲಿ ನನ್ನನ್ನು ಕೆಡವಿ ಮೂಗಿನ ಕೆಳಗೆ ಬೆರಳು ಹಿಡಿದು ನೋಡಿದಳು. ಓಣಿಯ ಇಬ್ಬರು ಹೆಂಗಸರು ನಿಂತು ನೋಡುತ್ತಿದ್ದರು. ನನಗೆ ಸಿಟ್ಟು ನೆತ್ತಿಗೇರಿತು.

“ಏನಾಗೇತಿ ನಿನಗ? ನಿದ್ದಿ ಹತ್ತಿತ್ತು, ಅಷ್ಟ,” ಎಂದೆ.

ಅವಳು ಬೈಯಲಿಲ್ಲ. ಅಲ್ಲೇ ನೆಲಕ್ಕೆ ಕೂತು ಏದುಸಿರು ಬಿಡುತ್ತಿದ್ದಳು. ನನ್ನ ಕಡೆ ನೋಡದೆ ಹೇಳಿದಳು:

“ಅಪ್ಪಗೂ ನಿದ್ದಿ ಹತ್ತೇತಿ ಅಂತನ ತಿಳದಿದ್ದೆ ನಾ. ಮ್ಯಾಲೆ ಹಗೇವಿನ ಬಾಯಿ ಕಡೆ ಕುಂತು ನೋಡಕೋತ ಇದ್ದೆ. ಯಾರನ್ನೂ ಕರೀಲಿಲ್ಲ.”

ಮದುವೆಯಾಗಿ ಮೂವತ್ತೈದು ವರ್ಷ. ಅವಳು ಅಲ್ಲಿದ್ದಳು ಎಂಬುದೇ ನನಗೆ ಗೊತ್ತಿರಲಿಲ್ಲ, ನಾನು ಕೇಳಿಯೂ ಇರಲಿಲ್ಲ. ಕ್ಷಮಿಸು ಎಂದೆ, ಅದು ನನ್ನ ಕಿವಿಗೇ ಹಗುರಾಗಿ ಕೇಳಿಸಿತು. ಅವಳ ಕೈ ಇನ್ನೂ ನನ್ನ ಅಂಗಿಯನ್ನು ಬಿಟ್ಟಿರಲಿಲ್ಲ.