ತೊಳೆದ ಕಾಲು ತರಬೇಡಿ

ಹೋದ ಭಾನುವಾರ ಬಲಿಪೂಜೆ ಮುಗಿದ ಮೇಲೆ ನಮ್ಮ ಇಗರ್ಜಿಯ, ಅಂದರೆ ಚರ್ಚಿನ, ಮೀಟಿಂಗ್ ರೂಮಿನಲ್ಲಿ ನನ್ನ ವಿಚಾರಣೆ ನಡೆಯಿತು. ಆರೋಪ: ಕಾಲೇಜು ಮಕ್ಕಳಲ್ಲಿ ಒಬ್ಬರ ಕಾಲನ್ನು ಇನ್ನೊಬ್ಬರಿಂದ ತೊಳೆಸಿದ್ದು.

ನಗಬೇಡಿ. ವಿಷಯ ಗಂಭೀರವಾಗಿತ್ತು. ನನಗೆ ಚಹಾ ಕೂಡ ಕೊಡಲಿಲ್ಲ.

ಈ ಅಂಕಣ ಓದುವವರಿಗೆ ನನ್ನ ಹೊಟ್ಟೆಪಾಡು ಗೊತ್ತು. ವಾರವಿಡೀ ಕಾಲೇಜಿನಲ್ಲಿ ಅಕೌಂಟೆನ್ಸಿ ಕಲಿಸುವವಳು. ಶನಿವಾರ ಸಂಜೆ ಮಾತ್ರ ಬೇರೆ ಕೆಲಸ. ಕುಂಬಳೆಯಿಂದ ಒಳಗೆ ಬಸ್ಸು ಹಿಡಿದು ಬರಬೇಕಾದ ನಮ್ಮ ಸಣ್ಣ ಇಗರ್ಜಿಯ ಹಾಲ್‌ನಲ್ಲಿ ಊರಿನ ಕಾಲೇಜು ಮಕ್ಕಳಿಗೆ ಧರ್ಮದ ಕ್ಲಾಸ್ ತೆಗೆದುಕೊಳ್ಳುತ್ತೇನೆ. ಹೆಚ್ಚಿನವರು ಓದುವುದು ಮಂಗಳೂರಿನಲ್ಲಿ. ರೈಲಿನಿಂದ ಇಳಿದು, ಬಸ್ಸಿನಲ್ಲಿ ಜೋತಾಡಿಕೊಂಡು, ಮನೆಗೂ ಹೋಗದೆ ನೇರವಾಗಿ ನನ್ನ ಮುಂದೆ ಬಂದು ಕೂರುತ್ತಾರೆ. (ಕ್ಲಾಸಿನಲ್ಲಿ ಕೊಂಕಣಿ, ಕನ್ನಡ, ಮಲಯಾಳಂ ಎಲ್ಲ ಕಲಸುಮೇಲೋಗರ. ಇಲ್ಲಿ ನಿಮಗಾಗಿ ಬರೀ ಕನ್ನಡ.)

ನನಗೆ ಕೊಟ್ಟ ವಿಷಯದ ಹೆಸರು ಕೇಳಿ: ಕ್ರೈಸ್ತ ಶಿಷ್ಯತ್ವ ಮತ್ತು ಆಧ್ಯಾತ್ಮಿಕ ಬೆಳವಣಿಗೆ. ಬೆಳವಣಿಗೆಯಂತೆ! ಅದನ್ನು ಅಳೆಯುವುದು ಹೇಗೆ? ಚಿಕ್ಕ ಮಕ್ಕಳನ್ನು ಗೋಡೆಗೆ ಒರಗಿಸಿ ಪೆನ್ಸಿಲಿನಲ್ಲಿ ಗೆರೆ ಎಳೆಯುತ್ತೇವಲ್ಲ, ಹಾಗೆಯೇ?

ಒಂದು ಗೈಡ್ ಕೂಡ ಕೊಟ್ಟಿದ್ದಾರೆ. ಪ್ರತಿ ಪಾಠದ ಕೊನೆಗೆ ಬಿಟ್ಟ ಸ್ಥಳ ತುಂಬಬೇಕು. ಶಿಷ್ಯನು ಯಾವ ಮನಸ್ಸಿನಿಂದ ಸೇವೆ ಮಾಡಬೇಕು? ಉತ್ತರ: ದೀನತೆಯಿಂದ. ಇದನ್ನು ಬರೆಯಲು ದೀನತೆ ಏನೂ ಬೇಕಾಗಿಲ್ಲ, ಪಕ್ಕದವನ ಪುಸ್ತಕ ಸಾಕು. ನಮ್ಮ ಮಕ್ಕಳು ಒಂದು ಕೈಯಲ್ಲಿ ಮೊಬೈಲ್ ಉಜ್ಜುತ್ತ ಇನ್ನೊಂದು ಕೈಯಲ್ಲಿ ಇಡೀ ಪಾಠ ತುಂಬಿ ಮುಗಿಸುತ್ತಿದ್ದರು. ನಾನು ಟಿಕ್ ಹಾಕುತ್ತಿದ್ದೆ. ಎಲ್ಲರಿಗೂ ಸಂತೋಷ.

ಹೀಗೆ ನಡೆಯುತ್ತಿದ್ದ ಗಾಡಿ ಕಾಲು ತೊಳೆಯುವ ಪಾಠಕ್ಕೆ ಬಂದು ನಿಂತಿತು.

ಗೊತ್ತಿಲ್ಲದವರಿಗೆ ಎರಡು ಮಾತು. ಶಿಲುಬೆಗೇರುವ ಹಿಂದಿನ ರಾತ್ರಿ ಊಟದ ಹೊತ್ತಿಗೆ ಯೇಸು ಸೊಂಟಕ್ಕೆ ಟವೆಲು ಸುತ್ತಿಕೊಂಡು ಶಿಷ್ಯರ ಕಾಲು ತೊಳೆದ. ಅದರ ನೆನಪಿಗೆ ಈಸ್ಟರಿನ ಹಿಂದಿನ ಗುರುವಾರ ಪಾದ್ರಿಗಳು ಹನ್ನೆರಡು ಮಂದಿಯ ಕಾಲು ತೊಳೆಯುತ್ತಾರೆ. ನಮ್ಮಲ್ಲಿ ಹನ್ನೆರಡೂ ಗಂಡಸರೇ. (ಹೆಂಗಸರೂ ಕೂರಬಹುದು ಎಂದಾಗಿ ವರ್ಷಗಳಾದವು. ಆ ಸುದ್ದಿ ತರುವ ಬಸ್ಸು ಇನ್ನೂ ಕುಂಬಳೆ ಬಿಟ್ಟಿಲ್ಲ.) ಯಾರ ಹೆಸರು ಉಂಟು, ಯಾರದ್ದು ಬಿಟ್ಟುಹೋಯಿತು ಎಂದು ಊರೆಲ್ಲ ಚರ್ಚೆ.

ಪಾಠದ ನಡುವೆ ಜೊವಿಟಾ ಕೈ ಎತ್ತಿದಳು. ಡಿಗ್ರಿ ಓದುತ್ತಿರುವ ಹುಡುಗಿ.

"ಟೀಚರ್, ಒಂದು ಡೌಟ್. ತೊಳೆದ ಕಾಲನ್ನೇ ಪುನಃ ತೊಳೆಯುದು ಎಂತಕ್ಕೆ?"

"ಯಾರ ಕಾಲು ಮಾರಾಯ್ತಿ?"

"ನಮ್ಮ ಡ್ಯಾಡಿಯದ್ದೇ. ಈ ಸಲ ಅವರ ಹೆಸರು ಉಂಟಲ್ಲ. ಈಗಲೇ ಶುರು ಮಾಡಿದ್ದಾರೆ. ದಿನಾ ಬಿಸಿನೀರಲ್ಲಿ ಕಾಲು ಇಟ್ಟು ಹಿಮ್ಮಡಿ ಉಜ್ಜುದು. ಮಮ್ಮಿಯ ಕ್ರೀಮ್ ಪೂರಾ ಖಾಲಿ."

ಹಾಲ್ ಬಿದ್ದು ಬಿದ್ದು ನಕ್ಕಿತು. ಜೊವಿಟಾಳ ಅಪ್ಪ ವಿನ್ಸೆಂಟ್ ನಮ್ಮ ವಾರ್ಡಿನ ಗುರ್ಕಾರ್. ಎಂದರೆ ಹಿರಿಯಾಳು, ಇಗರ್ಜಿಯ ಮಾತನ್ನು ಮನೆಮನೆಗೆ, ಮನೆಗಳ ಮಾತನ್ನು ಇಗರ್ಜಿಗೆ ಮುಟ್ಟಿಸುವವರು. ಅಂಥವರು ಬಕೆಟಿನಲ್ಲಿ ಕಾಲಿಟ್ಟು ಕೂತ ಚಿತ್ರ ನೆನೆದು ನನಗೂ ನಗು ತಡೆಯಲಾಗಲಿಲ್ಲ.

ಆಮೇಲೆ ಯೋಚಿಸಿದೆ. ಹುಡುಗಿ ಹೇಳಿದ್ದು ತಮಾಷೆಯೇ? ಹನ್ನೆರಡು ಮಂದಿಯೂ ಮಾಡುವುದು ಇದನ್ನೇ. ಉಗುರು ಕತ್ತರಿಸಿ, ಸೋಪು ಹಚ್ಚಿ, ಹೊಸ ಚಪ್ಪಲಿ ಹಾಕಿ, ಕಾರಿನಲ್ಲಿ ಬಂದು ಇಳಿಯುತ್ತಾರೆ. ಪಾದ್ರಿಗಳಿಗೆ ತೊಳೆಯಲು ಎಂತ ಉಳಿಯಿತು?

"ಮುಂದಿನ ಶನಿವಾರ ಯಾರೂ ತೊಳೆದ ಕಾಲು ತರಬೇಡಿ," ಎಂದು ಹೇಳಿ ಕಳಿಸಿದೆ.

ಆ ಶನಿವಾರ ಮನೆಯಿಂದ ಬಕೆಟ್, ಬೇಸಿನ್, ಟವೆಲು ಹೊತ್ತುಕೊಂಡು ಹೋದೆ. ಮಕ್ಕಳು ಬಂದರು. ಬೆಳಗಿನಿಂದ ಶೂವಿನೊಳಗೆ ಬೆಂದ ಕಾಲುಗಳು. "ಯಾರು ತೊಳೀತೀರಿ?" ಎಂದೆ. ಎಲ್ಲರೂ ಕೈ ಎತ್ತಿದರು. ಹುಡುಗರಂತೂ ಅಂಗಿಯ ತೋಳು ಮಡಚಿಯೇ ಬಿಟ್ಟರು. "ಯಾರು ತೊಳೆಸಿಕೊಳ್ತೀರಿ?" ಎಂದೆ. ಒಂದು ಕೈ ಇಲ್ಲ. ಒಬ್ಬೊಬ್ಬರೂ ಬೆಂಚಿನ ಕೆಳಗೆ ಕಾಲು ಎಳೆದುಕೊಂಡರು.

"ವಾಸನೆ ಬರ್ತದೆ ಟೀಚರ್." "ಸಾಕ್ಸ್ ತೂತು ಉಂಟು." "ನನ್ನದು ಬೇಡ, ಪ್ಲೀಸ್."

ನೋಡಿದಿರಾ? ಸೇವೆ ಮಾಡಲು ನಮಗ್ಯಾರಿಗೂ ತಕರಾರಿಲ್ಲ. ಕಿಟ್ ಹಂಚುತ್ತೇವೆ, ರಕ್ತ ಕೊಡುತ್ತೇವೆ, ಬ್ಯಾನರ್ ಹಿಡಿದು ಫೋಟೋಗೂ ನಿಲ್ಲುತ್ತೇವೆ. ಕೊಡುವವನು ಯಾವಾಗಲೂ ಮೇಲೆ ನಿಂತಿರುತ್ತಾನೆ. ಆದರೆ ನನ್ನ ಕೊಳೆ ಇಲ್ಲಿದೆ, ನೋಡು, ಮುಟ್ಟು ಎಂದು ಇನ್ನೊಬ್ಬನ ಮುಂದೆ ಕಾಲು ಚಾಚುವುದು? ಶಿಷ್ಯರಲ್ಲಿ ಹಿರಿಯನಾದ ಪೇತ್ರನೇ ಮೊದಲು ಒಪ್ಪಲಿಲ್ಲ. ಆ ಹಟ ಕಣ್ಣಿಗೆ ಬೀಳಬೇಕಿತ್ತು ನನಗೆ, ಬಿತ್ತು. ಬಿಟ್ಟ ಸ್ಥಳ ತುಂಬಿದವರಲ್ಲಿ ಅದು ಎಂದೂ ಕಂಡಿರಲಿಲ್ಲ.

ಕೊನೆಗೆ ಜೊವಿಟಾ ಶೂ ಬಿಚ್ಚಿದಳು. ತಾನೇ ಎತ್ತಿದ ಪ್ರಶ್ನೆ, ಬೇರೆ ದಾರಿ ಇರಲಿಲ್ಲ. ಹಿಮ್ಮಡಿಯಲ್ಲಿ ಬೊಬ್ಬೆ ಒಡೆದು ಪ್ಲಾಸ್ಟರ್ ಅಂಟಿಸಿಕೊಂಡಿದ್ದಳು. ಈಗ ತೊಳೆಯುವವರು ಯಾರು? ಎಲ್ಲರಿಗಿಂತ ಮೊದಲು ಎದ್ದು ಬಂದವಳು ಹಿಂದಿನ ಬೆಂಚಿನ ಪ್ರೀಮಾ.

ಹಾಲ್‌ನಲ್ಲಿ ಎಲ್ಲರೂ ಮುಖ ಮುಖ ನೋಡಿಕೊಂಡರು. ಏಕೆಂದರೆ ಪ್ರೀಮಾ ಜೊವಿಟಾಳ ದೊಡ್ಡಪ್ಪನ ಮಗಳು. ಎರಡು ಮನೆಗಳಿಗೆ ಮಾತಿಲ್ಲ. ಜಗಳ ಬಾವಿಯದ್ದು. ಆಸ್ತಿ ಪಾಲಾಗುವಾಗ ಬಾವಿ ಅಣ್ಣನ ಕಡೆಗೆ ಹೋಯಿತು. ತಮ್ಮ ವಿನ್ಸೆಂಟ್ ಬೋರ್‌ವೆಲ್ ಕೊರೆಸಿದರು, ನಡುವೆ ಗೋಡೆ ಎಬ್ಬಿಸಿದರು. ಅಂದಿನಿಂದ ಅಣ್ಣ ಇಗರ್ಜಿಯಲ್ಲಿ ಬಲಬದಿ, ತಮ್ಮ ಎಡಬದಿ. ಜೊತೆಯಲ್ಲೇ ಬೆಳೆದ ಹುಡುಗಿಯರು ಒಂದೇ ರೈಲಿಗೆ ಬೇರೆ ಬೇರೆ ಬೋಗಿ ಹತ್ತಲು ಕಲಿತರು. ನನ್ನ ಕ್ಲಾಸಿನಲ್ಲೂ ಒಬ್ಬಳು ಮುಂದೆ, ಒಬ್ಬಳು ಹಿಂದೆ.

ಪ್ರೀಮಾ ಮೊಣಕಾಲೂರಿದಳು. ಜೊವಿಟಾ ಕಾಲು ಹಿಂದೆ ಎಳೆದುಕೊಂಡಳು. ನಾನು ಏನೂ ಹೇಳಲಿಲ್ಲ. (ನನ್ನ ಮಟ್ಟಿಗೆ ಇದೊಂದು ಪವಾಡವೇ.) ಪ್ರೀಮಾ ಕಾದಳು. ಸ್ವಲ್ಪ ಹೊತ್ತಿನ ಮೇಲೆ ಕಾಲು ತಾನಾಗಿ ಬೇಸಿನಿಗೆ ಬಂತು.

ಪ್ರೀಮಾ ಹೆಬ್ಬೆರಳು ಹಿಡಿದು, "ಈ ಉಗುರು ಈಗಲೂ ಸೊಟ್ಟವೇ ಉಂಟಲ್ಲ," ಎಂದಳು.

"ಮತ್ತೆಂತ? ಕೊಡಪಾನ ಬೀಳಿಸಿದ್ದು ನೀನಲ್ವಾ? ಬಾವಿಕಟ್ಟೆಯಲ್ಲಿ."

"ನೀನು ಅಜ್ಜಿಯ ಹತ್ರ ನನ್ನ ಹೆಸರು ಹೇಳ್ಲಿಲ್ಲ."

"ಹೇಳಿದ್ರೆ ನಿನಗೆ ಪೆಟ್ಟು ಬೀಳ್ತಿತ್ತು."

ಇಬ್ಬರೂ ನಗಲು ಶುರು ಮಾಡಿದರು. ನಗು ಯಾವಾಗ ಅಳುವಾಯಿತೋ ಗೊತ್ತಾಗಲಿಲ್ಲ. ನಾನೂ ಅತ್ತೆ, ಮುಚ್ಚಿಡುವುದೇನಿದೆ? ಆಮೇಲೆ ಉಳಿದವರೆಲ್ಲ ಒಬ್ಬೊಬ್ಬರಾಗಿ ಶೂ ಬಿಚ್ಚಿದರು. ಹಾಲ್ ತುಂಬ ನೀರು.

ಇಷ್ಟೇ ನನ್ನ ಅಪರಾಧ.

ಮರುದಿನವೇ ಮೀಟಿಂಗ್. ಮೊದಲು ಸಣ್ಣಪುಟ್ಟ ದೂರುಗಳು. ಹಾಲ್ ಒದ್ದೆಯಾಯಿತು. ಗೈಡಿನ ಪಾಠಗಳು ಹಿಂದೆ ಬಿದ್ದಿವೆ. ಪಕ್ಕದ ಇಗರ್ಜಿಯ ಮಕ್ಕಳು ಕ್ವಿಜ್‌ನಲ್ಲಿ ಶೀಲ್ಡ್ ಹೊಡೆದರು, ನಮ್ಮವರಿಗೆ ಶಿಷ್ಯರ ಹೆಸರೂ ಸರಿಯಾಗಿ ಬರುವುದಿಲ್ಲ.

"ಬರುವುದಿಲ್ಲ, ನಿಜ. ಬಾಯಿಪಾಠ ಮಾಡಿಸ್ತೇನೆ," ಎಂದೆ.

ಆಗ ವಿನ್ಸೆಂಟ್ ಎದ್ದರು. "ಟೀಚರ್, ನಿಮ್ಮ ಹತ್ರ ಮಕ್ಕಳನ್ನು ಕಳಿಸುದು ಧರ್ಮ ಕಲಿಸ್ಲಿಕ್ಕೆ. ನಮ್ಮ ಮನೆ ವಿಷಯಕ್ಕೆ ಕೈ ಹಾಕ್ಲಿಕ್ಕೆ ಅಲ್ಲ."

"ನಿಮ್ಮ ಮನೆ ವಿಷಯ ನಾನು ಎತ್ತಲಿಲ್ಲ ಗುರ್ಕಾರರೇ. ನೀರು ತಂದದ್ದು ಮಾತ್ರ."

"ನೀರಲ್ಲಿ ಎಂತ ಹಾಕಿದ್ರಿ ನೀವು? ನಿನ್ನೆ ಊಟಕ್ಕೆ ಕೂತಾಗ ಅವಳು ನನ್ನ ಹತ್ರ ಎಂತ ಕೇಳಿದ್ಳು, ಗೊತ್ತುಂಟಾ ನಿಮಗೆ?" ಕೋಪದಲ್ಲಿ ಅವರೇ ಹೇಳಿಬಿಟ್ಟರು. "ಗುರುವಾರ ಫಾದರಿನ ಬದಲು ದೊಡ್ಡಪ್ಪ ಬಂದು ಮೊಣಕಾಲೂರಿದ್ರೆ ಕಾಲು ಕೊಡ್ತೀರಾ ಡ್ಯಾಡಿ, ಅಂತ!"

ಫಾದರ್ ತಲೆಯೆತ್ತಿ ಫ್ಯಾನ್ ನೋಡಿದರು. ಕಾರ್ಯದರ್ಶಿ ಪೆನ್ನಿನ ಮುಚ್ಚಳ ಹಾಕಿದರು.

"ನೀವು ಎಂತ ಹೇಳಿದ್ರಿ?" ನಾನು ಕೇಳಿದೆ.

ಅವರು ಹೇಳಲಿಲ್ಲ. ಕೂತರು. ಅವರ ಮುಖ ನೋಡಿ ಒಂದು ಕ್ಷಣ ಪಾಪ ಅನಿಸಿತು. ಕೆಟ್ಟ ಮನುಷ್ಯ ಅಲ್ಲ ವಿನ್ಸೆಂಟ್. ಯಾರ ಮನೆಯಲ್ಲಿ ಸಾವಾದರೂ ಮೊದಲು ಓಡುವವರು, ಗುಂಡಿ ತೋಡುವಲ್ಲಿಂದ ಮಣ್ಣು ಹಾಕುವವರೆಗೆ ನಿಲ್ಲುವವರು. ಅಣ್ಣನ ಅಂಗಳ ಒಂದನ್ನು ಬಿಟ್ಟು ಊರಿನ ಎಲ್ಲ ಅಂಗಳಕ್ಕೂ ಹೋಗಿ ಬಂದಿದ್ದಾರೆ.

ತೀರ್ಮಾನ ಬಂತು. ಈಸ್ಟರ್ ಮುಗಿಯುವವರೆಗೆ ಕ್ಲಾಸ್ ಬೇಡ. ಹಾಲ್‌ನ ಬೀಗದ ಕೈ ಆಫೀಸಿಗೆ ಒಪ್ಪಿಸಬೇಕು. "ವಾತಾವರಣ ಸ್ವಲ್ಪ ತಣ್ಣಗಾಗಲಿ ಟೀಚರ್," ಎಂದರು ಫಾದರ್, ಮೆತ್ತಗೆ.

ತಣ್ಣಗಾಗುವುದು ಬೇಡ ಫಾದರ್. ತಣ್ಣಗೇ ಇತ್ತಲ್ಲ ಇಷ್ಟು ವರ್ಷ? ಬಲಬದಿ, ಎಡಬದಿ, ಮಧ್ಯದಲ್ಲಿ ಹೂವಿನ ಕುಂಡ. ಹೊರಗಿನಿಂದ ನೋಡಿದರೆ ಎಷ್ಟು ಚಂದ.

ಸೋಮವಾರ ಬಸ್ಸಿನಲ್ಲಿ ಪಕ್ಕದ ಮನೆಯ ಸರೋಜಕ್ಕನಿಗೆ ಎಲ್ಲ ಹೇಳಿದೆ. ಅವರು ಮುಖ ಅರಳಿಸಿದರು. "ನಿಮ್ಮಲ್ಲಿ ಮಾತ್ರ ಅಂತ ಎಣಿಸಿದ್ರಾ? ನಮ್ಮ ಕುಟುಂಬದ ತರವಾಡು ಮನೆಯಲ್ಲಿ ಅಣ್ಣತಮ್ಮಂದಿರು ಒಂದೇ ದೈವದ ಎದುರು ಕೈ ಮುಗೀತಾರೆ. ಒಬ್ಬ ಬಂದು ಹೋದ ಮೇಲೆಯೇ ಇನ್ನೊಬ್ಬ ಬರುದು. ಪ್ರಸಾದ ಬೇರೆ ಬೇರೆ ಕಟ್ಟಿಡ್ಬೇಕು. ನಿಮ್ಮ ಬಕೆಟ್ ಒಮ್ಮೆ ನಮಗೂ ಕೊಡಿ ಟೀಚರ್."

ಕೊಡುತ್ತೇನೆ ಸರೋಜಕ್ಕ. ಅದಕ್ಕೆ ಜಾತಿಧರ್ಮ ಇಲ್ಲ.

ನಮ್ಮ ಮಕ್ಕಳಿಗೆ ನಂಬಿಕೆ ಕಮ್ಮಿಯಾಗಿದೆ ಎಂದು ಗೋಳಾಡುವವರೇ, ನೀವು ಹೇಳಿ. ಪಾಠ ಪುಸ್ತಕದಲ್ಲಿದ್ದರೆ ಚಪ್ಪಾಳೆ ತಟ್ಟುತ್ತೀರಿ. ಅದೇ ಪಾಠ ಅನ್ನದ ಬಟ್ಟಲಿನ ಎದುರು ಬಂದು ಕೂತರೆ ಟೀಚರಿನ ಮೇಲೆ ದೂರು ಕೊಡುತ್ತೀರಿ. ಹಾಗಾದರೆ ನಿಮಗೆ ಬೇಕಾದದ್ದು ಶಿಷ್ಯರೋ, ಶೀಲ್ಡೋ? ಶೀಲ್ಡ್ ಬೇಕಿದ್ದರೆ ಬೇರೆ ಟೀಚರನ್ನು ಹುಡುಕಿ. ನನಗೆ ಜೊವಿಟಾ ಸಾಕು. ಕ್ವಿಜ್‌ನಲ್ಲಿ ಅವಳಿಗೆ ಸೊನ್ನೆ ಬಂದರೂ ಚಿಂತೆಯಿಲ್ಲ.

ಇದನ್ನು ಬರೆಯುತ್ತಿರುವಾಗ ಅವಳ ಮೆಸೇಜು ಬಂತು. "ಟೀಚರ್, ಶನಿವಾರ ಕ್ಲಾಸಿಗೆ ಹೋಗ್ಬಾರ್ದು ಅಂತ ಡ್ಯಾಡಿಯ ಆರ್ಡರ್ ಆಗಿದೆ. ಆದ್ರೂ ಬರ್ತೇನೆ. ಪ್ರೀಮಾ ರೈಲಲ್ಲಿ ನನಗೆ ಸೀಟು ಹಿಡಿದಿಡ್ತಾಳೆ."

ಒಂದೇ ಬೋಗಿ.

ಬೀಗದ ಕೈ ನನ್ನ ಬ್ಯಾಗಿನಲ್ಲೇ ಉಂಟು ಗುರ್ಕಾರರೇ. ಮಗಳ ಪ್ರಶ್ನೆಗೆ ಉತ್ತರ ಕೊಟ್ಟ ದಿನ ಬಂದು ತೆಗೆದುಕೊಂಡು ಹೋಗಿ.