ಸರ್ ಹೇಳದ ಮಾತು

ಅಂದು ಫೋನಿನಲ್ಲಿ ನಿನ್ನ ಸಮೀಕ್ಷೆಯ ಸ್ಯಾಂಪಲ್ ದಂಡ ಎಂದವರು ನಮ್ಮ ಗೈಡ್ ಸರ್ ಅಲ್ಲ, ಮಹಾದೇವಿ. ನಾನು. ಅವರ ಕುರ್ಚಿಯಲ್ಲಿ ಕೂತು, ಅವರ ಮೇಜಿನ ಫೋನಿನಿಂದ, ಅವರದೇ ಧ್ವನಿಯಲ್ಲಿ — ಮಾತಿಗೆ ಮುಂಚೆ ಎರಡು ಸಲ ಕೆಮ್ಮುವುದನ್ನೂ ಬಿಡಲಿಲ್ಲ.

ನಿನಗೆ ಗೊತ್ತಲ್ಲ, ನಾನು ಯಾರನ್ನೂ ಬಿಟ್ಟವನಲ್ಲ. ಸಂಖ್ಯಾಶಾಸ್ತ್ರ ವಿಭಾಗದ ಜವಾನರ ನಡಿಗೆ, ನಿಮ್ಮೂರು ಕಳ್ಳಕವಟಗಿಯ ರಾಗದ ನಿನ್ನ ಮಾತು, ಸೆಮಿನಾರಿನಲ್ಲಿ ಸೂತ್ರ ಮರೆತು ಬೋರ್ಡಿನತ್ತ ತಿರುಗಿ ನಿಲ್ಲುವ ನನ್ನದೇ ಬೆನ್ನು — ಎಲ್ಲವನ್ನೂ ಮಾಡಿ ತೋರಿಸಿ ನಗಿಸಿದವನು. ಪಿಎಚ್‌ಡಿಯಲ್ಲಿ ಗೆಲ್ಲುವುದಂತೂ ನನ್ನ ಕೈಯಲ್ಲಿಲ್ಲ, ನಗುವುದಾದರೂ ಇರಲಿ ಎಂದುಕೊಂಡಿದ್ದೆ.

ಅಂದು ಬೆಳಿಗ್ಗೆ ಸರ್ ನನ್ನ ಅಧ್ಯಾಯವನ್ನು ಮೂರನೆಯ ಸಲ ಹಿಂದಕ್ಕೆ ಕೊಟ್ಟಿದ್ದರು. ಪುಟವೆಲ್ಲ ಕೆಂಪು. ಆಮೇಲೆ ನಿನ್ನದನ್ನು ಎತ್ತಿಕೊಂಡು ಅಂದರು: "ತಿಕೋಟಾದ ಒಣದ್ರಾಕ್ಷಿ ಶೆಡ್ಡಿನವರು ಮಾಹಿತಿ ಕೊಡಂಗಿಲ್ಲ ಅಂದ್ರ ನೀವೆಲ್ಲಾ ಮುಂದಿನ ಶೆಡ್ಡಿಗೆ ಹೋಗ್ತೀರಿ. ಈಕಿ ಮೂರು ಮೂರು ಸಲ ಹೋಗ್ಯಾಳ. ಕಡೀಕೂ ಒಲ್ಲೆ ಅಂದವ್ರು ಎಷ್ಟು ಮಂದಿ ಅನ್ನೂದನ್ನೂ ಬಿಡದ ಬರಕೊಂಡಾಳ. ಸ್ಯಾಂಪಲ್ ಅಂದ್ರ ಇದು. ಫೋನ್ ಮಾಡಿ ಹೇಳು, ಮುಂದಿನ ಅಧ್ಯಾಯ ಶುರು ಮಾಡಲಿ." ಅಷ್ಟು ಹೇಳಿ ಪಾಠಕ್ಕೆ ಹೋದರು.

ಹೇಳಬೇಕಿತ್ತು. ಹೇಳುವವನೇ ಇದ್ದೆ. ಮೊದಲು ಒಂದು ನಿಮಿಷ ಹೆದರಿಸಿ, ಆಮೇಲೆ ಹೊಗಳಿಕೆ ಒಪ್ಪಿಸಿದರೆ ಇನ್ನೂ ಮಜಾ ಎಂದು... ಇಲ್ಲ, ಅದೂ ಪೂರ್ತಿ ನಿಜವಲ್ಲ. ಹೊಟ್ಟೆ ಉರಿದಿತ್ತು. ಸರ್ ಧ್ವನಿಯಲ್ಲೇ ಅಂದೆ:

"ಏನವಾ, ಒಲ್ಲೆ ಅಂದವ್ರನ್ನ ಬರಕೊಂಡು ಏನ ಮಾಡ್ತಿ? ಸ್ಯಾಂಪಲ್ ಪೂರ್ತಿ ದಂಡ ಆತು. ಮುಂದಿನ ಹಂಗಾಮಿಗೆ ಮೊದಲಿಂದ ಮಾಡು."

ನೀನು ವಾದಿಸುತ್ತೀಯ, ಆಗ ನಕ್ಕುಬಿಡೋಣ ಎಂದು ಕಾದೆ. ನೀನು ಅಂದದ್ದು ಇಷ್ಟೇ: "ಆತ್ರಿ ಸರ. ನನಗೂ ಹಂಗ ಅನಸಿತ್ರಿ." ಫೋನ್ ಕಟ್ಟಾಯಿತು.

ಮತ್ತೆ ಮಾಡಿದೆ, ನೀನು ಎತ್ತಲಿಲ್ಲ. ನಾಳೆ ಬಂದಾಗ ಹೇಳಿದರಾಯಿತು ಎಂದುಕೊಂಡೆ. ನೀನು ಬರಲೇ ಇಲ್ಲ. ಓದು ಮುಗಿಸಲು ಮನೆಯವರು ನಿನಗೆ ಕೊಟ್ಟಿದ್ದ ಗಡುವು ಆ ವರ್ಷಕ್ಕೇ ಮುಗಿಯುತ್ತಿತ್ತು. ದ್ರಾಕ್ಷಿ ಒಣಗಿಸುವ ಹಂಗಾಮು ವರ್ಷಕ್ಕೊಂದೇ. ಇದು ನನಗೆ ಗೊತ್ತಿತ್ತು. ಸರ್ ಹೇಳಿದ್ದನ್ನು ತಿರುಗಿ ಕೇಳುವ ರೂಢಿ ನಮ್ಮಲ್ಲಿ ಯಾರಿಗೂ ಇಲ್ಲವೆಂಬುದೂ ಗೊತ್ತಿತ್ತು. ಗೊತ್ತಿದ್ದೂ —

ವಾರದೊಳಗೆ ಸಂಶೋಧನೆ ಬಿಡುವ ನಿನ್ನ ಪತ್ರ ಬಂತು, ಮನೆಯ ಕಾರಣವೆಂದು. ಸರ್ ಅದನ್ನು ಹಿಡಿದುಕೊಂಡು ಕೇಳಿದರು, "ಯಾಕಂತೋ? ನಾ ಅಂದದ್ದು ಆಕಿಗೆ ಹೇಳಿದ್ದಿಲ್ಲೊ?"

"ಹೇಳೇನ್ರಿ ಸರ."

ಮನೆಯ ವಿಷಯ ಎಂದು ಅವರು ಪತ್ರಕ್ಕೆ ಸಹಿ ಹಾಕಿದರು. ಈಗ ಹೊಸಬರು ಬಂದು, ಇಷ್ಟು ವರ್ಷ ಇಲ್ಲಿ ಖುಷಿಯಾಗಿ ಹೇಗಿದ್ದೀರಿ ಅಣ್ಣಾ ಎಂದು ನನ್ನನ್ನೇ ಕೇಳುತ್ತಾರೆ. ಯಾರದೋ ಧ್ವನಿ ತೆಗೆದು ನಗಿಸಿ ಕಳಿಸುತ್ತೇನೆ. ಸರ್ ಅವರದು ಮಾತ್ರ ಬರುವುದಿಲ್ಲ.

ಹೋದ ತಿಂಗಳು ಸಿದ್ಧೇಶ್ವರ ಗುಡಿಯ ಹತ್ತಿರ ಬಳೆ ಅಂಗಡಿಯ ಮುಂದೆ ನೀನು ಸಿಕ್ಕಿದ್ದೆ. "ಏನಲೇ ಡಾಕ್ಟರಾ, ಇನ್ನೂ ಮುಗದಿಲ್ಲನ?" ಎಂದು ನಗುತ್ತಲೇ, ದನಿ ತಗ್ಗಿಸಿ ನೀನೇ ಕೇಳಿದೆ — "ಸರಗ ನನ್ನ ಮ್ಯಾಲ ಇನ್ನೂ ಸಿಟ್ಟೈತೇನೋ?"

ಆಗಲಾದರೂ...

"ಎಲ್ಲಿದು, ಮರತ ಬಿಟ್ಟಾರ," ಎಂದೆ ನಾನು. ಫೋನಿನಲ್ಲಿ ನಿನ್ನ ಮುಖ ಕಾಣುತ್ತಿರಲಿಲ್ಲ. ಇದನ್ನು ನಿನ್ನ ಮುಖ ನೋಡಿಯೇ ಹೇಳಿದೆ.

ನಿನ್ನೆ ಸರ್ ಮುಂದೆ ಎಲ್ಲವನ್ನೂ ಹೇಳಿಕೊಂಡೆ. ಬೈಯಲಿಲ್ಲ. ಕನ್ನಡಕ ಒರೆಸುತ್ತ ಕೂತರು. ಆಮೇಲೆ, "ನಾ ಹಂಗ ಅಂದೇನು ಅಂತ ಆಕಿ ನಂಬಿದಳಲ್ಲೋ," ಅಂದರು.

ಕಚೇರಿಯಲ್ಲಿ ಕೇಳಿದೆ. ರದ್ದಾದ ನೋಂದಣಿ ತಿರುಗಿ ಸಿಗುವುದಿಲ್ಲವಂತೆ. ಪ್ರವೇಶ ಪರೀಕ್ಷೆಯಿಂದಲೇ ಶುರು ಮಾಡಬೇಕಂತೆ. ಕಳೆದುಹೋದ ವರ್ಷಗಳಲ್ಲಿ ಒಂದು ದಿನವನ್ನೂ ನಾನು ನಿನಗೆ ತಂದುಕೊಡಲಾರೆ.

ಹೊಸ ಅರ್ಜಿಯನ್ನು ಈ ಕಾಗದದ ಜೊತೆ ಇಟ್ಟಿದ್ದೇನೆ. ತುಂಬು ಎನ್ನುವ ಯೋಗ್ಯತೆ ನನಗಿಲ್ಲ. ಹರಿದು ಹಾಕಿದರೂ ಸರಿ — ಈ ಸಲ ಅದು ನಿನ್ನ ತೀರ್ಮಾನ.